ಎಂವಿಪಿ (ಅತ್ಯಂತ ಅಮೂಲ್ಯ ಆಟಗಾರ ಪ್ರಶಸ್ತಿ) ಯಾರಿಗೆ ಸಲ್ಲಬೇಕು: ಅತ್ಯುತ್ತಮ ಆಟಗಾರನಿಗೋ, ಅವನಿಲ್ಲದಿದ್ದರೆ ತಂಡವೇ ಇಲ್ಲ ಎನ್ನಿಸುವವನಿಗೋ?

ಉರ್ವದ ಹಳೇ ಗಾರ್ಡ್ (ಚರ್ಚೆ ಆರಂಭಿಸಿದವರು)
ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ನಮ್ಮ ಬಡಾವಣೆಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾಟದ ಬಹುಮಾನ ವಿತರಣೆ ಇದೆ. ಆಟವೆಲ್ಲ ಮುಗಿದಿದೆ, ಮಳೆಗಾಲಕ್ಕೆ ಮೊದಲೇ ಮುಗಿಸಬೇಕಿತ್ತು, ಏಕೆಂದರೆ ಸಿಮೆಂಟಿನ ಅಂಕಣಕ್ಕೆ ಒಮ್ಮೆ ಪಾಚಿ ಹಿಡಿದರೆ ಮತ್ತೆ ನವರಾತ್ರಿಯವರೆಗೆ ಅಲ್ಲಿ ಕಾಲಿಡುವ ಹಾಗಿಲ್ಲ. ಬಾಕಿ ಉಳಿದಿರುವುದು ಪಂದ್ಯಾಟದ ಶ್ರೇಷ್ಠ ಆಟಗಾರನ ಆಯ್ಕೆ ಮಾತ್ರ. ಆಯ್ಕೆಗಾರರು ನಾವು ಮೂವರು, ಅಭಿಪ್ರಾಯಗಳು ನಾಲ್ಕು. ಸೆಮಿಫೈನಲಿನಲ್ಲಿ 31 ಅಂಕ ಹಾಕಿಯೂ ಸೋತು ಹೊರಬಿದ್ದ ಹುಡುಗನಿಗೆ ಕೊಡಬೇಕೆಂದು ಒಬ್ಬರು, ಗೆದ್ದ ತಂಡದ ನಾಯಕನಿಗೇ ಕೊಡಬೇಕೆಂದು ಇನ್ನೊಬ್ಬರು ಹಟ ಹಿಡಿದಿದ್ದಾರೆ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯವರು ಹೇಗೆ ತೀರ್ಮಾನಿಸುತ್ತಾರೆಂದು ನೋಡಿದರೆ ದಾರಿ ಸಿಕ್ಕೀತು ಎಂದುಕೊಂಡೆ. ನೋಡಿದ ಮೇಲೆ ಗೊಂದಲ ಹೆಚ್ಚಾಯಿತು. 1956ರಲ್ಲಿ ಬಾಬ್ ಪೆಟಿಟ್‌ಗೆ ಮೊದಲ ಎಂವಿಪಿ ಸಿಕ್ಕಿತು. 1980ರವರೆಗೆ ಆಟಗಾರರೇ ಮತ ಹಾಕುತ್ತಿದ್ದರು, ಆಮೇಲೆ ಆ ಅಧಿಕಾರ ಪತ್ರಕರ್ತರಿಗೂ ವೀಕ್ಷಕ ವಿವರಣೆಕಾರರಿಗೂ ಹೋಯಿತು. ಒಬ್ಬೊಬ್ಬರು ಐದು ಹೆಸರುಗಳನ್ನು ಅನುಕ್ರಮವಾಗಿ ಬರೆಯುತ್ತಾರೆ, ಅವಕ್ಕೆ 10, 7, 5, 3, 1 ಎಂದು ಅಂಕ. ಇಷ್ಟೆಲ್ಲ ಅಚ್ಚುಕಟ್ಟು ಇದ್ದರೂ ‘ಅಮೂಲ್ಯ’ ಎಂದರೆ ಏನೆಂದು ಮತದಾರರಿಗೆ ಯಾರೂ ಹೇಳಿಕೊಡುವುದಿಲ್ಲ. ಹಾಗಾದರೆ ಅವರು ಅಳೆಯುವುದು ಏನನ್ನು? ನಿಮ್ಮ ಅಭಿಪ್ರಾಯ ತಿಳಿಸಿ, ಆದಷ್ಟು ಉದಾಹರಣೆಯ ಸಮೇತ.

ಮಣಿಪಾಲದ ಮುಂಜಾವು
ಉದಾಹರಣೆ ಬೇಕಿದ್ದರೆ 2017. ಆ ವರ್ಷ ನಾನು ಹಾಸ್ಟೆಲಿನಲ್ಲಿದ್ದೆ. ಬೆಳಗಿನ ಜಾವ ಎದ್ದು ಕೋಣೆಯ ಗೆಳೆಯನಿಗೆ ಎಚ್ಚರವಾಗದಂತೆ ಹೊದಿಕೆಯೊಳಗೆ ಫೋನ್ ಇಟ್ಟುಕೊಂಡು ಒಕ್ಲಹೋಮ ತಂಡದ ಪಂದ್ಯಗಳನ್ನು ನೋಡುತ್ತಿದ್ದೆ. ಅದಕ್ಕೂ ಹಿಂದಿನ ಜುಲೈಯಲ್ಲಿ ಕೆವಿನ್ ಡ್ಯುರಾಂಟ್ ತಂಡ ಬಿಟ್ಟು ಗೋಲ್ಡನ್ ಸ್ಟೇಟ್ ಸೇರಿದ್ದ. ಉಳಿದವನು ರಸೆಲ್ ವೆಸ್ಟ್‌ಬ್ರೂಕ್. ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು ಹಿಡಿಯುವುದು), 10.4 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಮಾಡುವ ಪಾಸ್), ಒಂದೇ ಋತುವಿನಲ್ಲಿ 42 ಟ್ರಿಪಲ್ ಡಬಲ್ (ಒಂದೇ ಪಂದ್ಯದಲ್ಲಿ ಇಂಥ ಮೂರು ಲೆಕ್ಕಗಳಲ್ಲಿ ಎರಡಂಕಿ) ಗಳಿಸಿ ಆಸ್ಕರ್ ರಾಬರ್ಟ್‌ಸನ್ನರ 41ರ ದಾಖಲೆ ಮುರಿದ. ಲೀಗ್ ಹಂತದ ನಂತರದ ಪ್ಲೇಆಫ್‌ನ ಎರಡನೇ ಪಂದ್ಯದಲ್ಲಿ 51 ಅಂಕ ಹಾಕಿದರೂ ತಂಡ ಸೋತಿತು. ಅವನು ನೀರು ಕುಡಿಯಲೆಂದು ಬೆಂಚಿಗೆ ಬಂದ ಕೂಡಲೇ ಮುನ್ನಡೆ ಕರಗಿಹೋಗುತ್ತಿತ್ತು. ಮೌಲ್ಯ ಎಂದರೆ ಇದಲ್ಲದೆ ಇನ್ನೇನು?

ಬ್ರಹ್ಮಾವರದ ಲೆಕ್ಕಿಗ
ಅವನು ಕುಳಿತಾಗ ತಂಡ ಕುಸಿಯಿತು ಎಂಬುದು ಅವನ ಹೆಗ್ಗಳಿಕೆಯೋ, ಬದಲಿಗೆ ಬಂದವರ ದೌರ್ಬಲ್ಯವೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಒಬ್ಬ ಆಟಗಾರ ಅಂಕಣದಲ್ಲಿರುವಾಗ ತಂಡ ಗಳಿಸಿದ ಅಂಕದಿಂದ ಬಿಟ್ಟುಕೊಟ್ಟ ಅಂಕವನ್ನು ಕಳೆಯುವುದು ಪ್ಲಸ್-ಮೈನಸ್ ಲೆಕ್ಕ. ಅವನು ಹೊರಗಿರುವಾಗಿನ ಲೆಕ್ಕದೊಂದಿಗೆ ಅದನ್ನು ಹೋಲಿಸಿದಾಗ ಬೆಂಚಿನಲ್ಲಿ ದುರ್ಬಲರೇ ತುಂಬಿದ್ದರೆ ಮುಖ್ಯ ಆಟಗಾರ ದೇವರಂತೆಯೂ, ಬೆಂಚು ಬಲವಾಗಿದ್ದರೆ ಸಾಮಾನ್ಯನಂತೆಯೂ ಕಾಣುತ್ತಾನೆ. ಅಂದರೆ ತಂಡದ ಆಡಳಿತದವರು ಕೆಟ್ಟ ಬದಲಿ ಆಟಗಾರರನ್ನು ಇಟ್ಟುಕೊಂಡಷ್ಟೂ ನಿಮ್ಮ ನಾಯಕನ ‘ಮೌಲ್ಯ’ ಏರುತ್ತಾ ಹೋಗುತ್ತದೆ.

ಅದೇ ವರ್ಷ ಜೇಮ್ಸ್ ಹಾರ್ಡನ್ ಸರಾಸರಿ 29.1 ಅಂಕ ಗಳಿಸಿ, 11.2 ಅಸಿಸ್ಟಿನೊಂದಿಗೆ ಇಡೀ ಲೀಗಿನಲ್ಲಿ ಮೊದಲಿಗನಾಗಿದ್ದ. ಅವನ ಹ್ಯೂಸ್ಟನ್ 82ರಲ್ಲಿ 55 ಪಂದ್ಯ ಗೆದ್ದಿತು, ಒಕ್ಲಹೋಮ ಗೆದ್ದದ್ದು 47. ವೆಸ್ಟ್‌ಬ್ರೂಕನ ರಿಬೌಂಡುಗಳ ಗುಟ್ಟೂ ಎಲ್ಲರಿಗೂ ಗೊತ್ತಿರುವುದೇ: ಅವನ ತಂಡದ ಸ್ಟೀವನ್ ಆ್ಯಡಮ್ಸ್ ಎದುರಾಳಿಯನ್ನು ಬೆನ್ನಿನಿಂದ ತಳ್ಳಿ ಹಿಡಿದು ನಿಲ್ಲುತ್ತಿದ್ದ, ಚೆಂಡು ಹಿಡಿಯುವ ಕೆಲಸ ಮಾತ್ರ ಇವನದು. ಎರಡಂಕಿಯ ಸರಾಸರಿಯ ಹೊಳಪಿಗೆ ಮತದಾರರು ಮರುಳಾದರು ಎಂದೇ ನನ್ನ ಅಭಿಪ್ರಾಯ.

ಮಣಿಪಾಲದ ಮುಂಜಾವು
ರಿಬೌಂಡ್ ಅವನ ಕೈಗೇ ಬಂದರೆ ಚೆಂಡು ಇನ್ನೊಬ್ಬರಿಗೆ ದಾಟಿಸುವ ಸಮಯ ಉಳಿಯುತ್ತದೆ, ಅಲ್ಲಿಂದಲೇ ದಾಳಿಗೆ ಓಡಬಹುದು. ಅದು ತಂಡದ ತಂತ್ರ, ಕಳ್ಳತನವಲ್ಲ.

ಪಂಪ್‌ವೆಲ್ ಪಯಣಿಗ
ಗೆದ್ದ ತಂಡದ ಶ್ರೇಷ್ಠನಿಗೆ ಕೊಡಿ. ಇಷ್ಟಕ್ಕೆ ಇಷ್ಟುದ್ದದ ಚರ್ಚೆ ಏಕೆ ಮಾರಾಯ್ರೇ?

ನಿವೃತ್ತ ಪಿ.ಟಿ. ಮಾಸ್ಟ್ರು
ಪಯಣಿಗರೇ, ಅಷ್ಟು ಸುಲಭವಾಗಿದ್ದರೆ 1962ರ ವಿಚಾರ ಇಂದಿಗೂ ಯಾರ ಬಾಯಲ್ಲೂ ಇರುತ್ತಿರಲಿಲ್ಲ. ಆ ಋತುವಿನಲ್ಲಿ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. ಮಾರ್ಚ್ 2ರಂದು ಹರ್ಷಿ ಎಂಬ ಊರಿನಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಹಾಕಿದ್ದೂ ಆಗಲೇ. ಪಂದ್ಯದ ಅವಧಿ 48 ನಿಮಿಷ. ಅವರು ಆಡಿದ ಸರಾಸರಿ 48.5 ನಿಮಿಷ. ಹೆಚ್ಚುವರಿ ಅವಧಿಗಳೂ ಸೇರಿರುವುದರಿಂದ ಹಾಗೆ. ಅದೇ ವರ್ಷ ಆಸ್ಕರ್ ರಾಬರ್ಟ್‌ಸನ್ ಇಡೀ ಋತುವಿಗೆ ಟ್ರಿಪಲ್ ಡಬಲ್ ಸರಾಸರಿ ಕಾಯ್ದುಕೊಂಡ ಮೊದಲಿಗರಾದರು. ಪ್ರಶಸ್ತಿ ಮಾತ್ರ ಈ ಇಬ್ಬರಿಗೂ ಬರಲಿಲ್ಲ, ಸರಾಸರಿ 18.9 ಅಂಕ ಗಳಿಸಿದ ಬಿಲ್ ರಸೆಲ್‌ಗೆ ಹೋಯಿತು. ಮತ ಹಾಕಿದವರು ಪತ್ರಕರ್ತರಲ್ಲ. ಅವರ ಎದುರು ಬೆವರು ಹರಿಸಿ ಆಡಿದ ಆಟಗಾರರೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು) ಮತ್ತು ಸ್ಟೀಲ್ (ಚೆಂಡು ಕಸಿಯುವುದು) ಇವುಗಳನ್ನು ಎನ್‌ಬಿಎ ಅಧಿಕೃತವಾಗಿ ಲೆಕ್ಕ ಇಡಲು ಆರಂಭಿಸಿದ್ದು 1973–74ರಲ್ಲಿ. ಅಷ್ಟರೊಳಗೆ ರಸೆಲ್ ನಿವೃತ್ತರಾಗಿದ್ದರು. ಎದುರಾಳಿ ಎಸೆದ ಚೆಂಡನ್ನು ಪ್ರೇಕ್ಷಕರ ಕಡೆಗೆ ಹೊಡೆದು ಚಪ್ಪಾಳೆ ಗಿಟ್ಟಿಸಿಕೊಳ್ಳುವವರು ಬೇಕಷ್ಟಿದ್ದಾರೆ, ಆದರೆ ರಸೆಲ್ ಅದನ್ನು ಅಂಕಣದೊಳಗೇ ಉಳಿಯುವಂತೆ, ತನ್ನವರ ಕೈಗೆ ಸಿಗುವಂತೆ ಮೆತ್ತಗೆ ತಟ್ಟುತ್ತಿದ್ದರು. ಹೀಗಾಗಿ ಒಂದೇ ಏಟಿಗೆ ರಕ್ಷಣೆಯೂ ಆಯಿತು, ದಾಳಿಯ ಆರಂಭವೂ ಆಯಿತು. ಹಾಳೆಯಲ್ಲಿ ಅದಕ್ಕೊಂದು ಗೀಟೂ ಬೀಳುತ್ತಿರಲಿಲ್ಲ. ಎದುರಿಗೆ ನಿಂತು ಎಸೆಯುವವನಿಗೆ ಮಾತ್ರ ಅದರ ಬೆಲೆ ಗೊತ್ತಿತ್ತು, ಅವನೇ ಮತವನ್ನೂ ಹಾಕಿದ.

ಸುರತ್ಕಲ್ 3 ಪಾಯಿಂಟ್
ಮಾಸ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಆಟಗಾರರ ಮತದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲವೇ? ನನ್ನ ತಲೆಯ ಮೇಲೆ 50 ಅಂಕ ಹಾಕಿ ಹೋದವನಿಗೆ ನಾನಾದರೂ ಮತ ಹಾಕುವುದು ಕಷ್ಟ.

ನಿವೃತ್ತ ಪಿ.ಟಿ. ಮಾಸ್ಟ್ರು
ಇದ್ದಿರಬಹುದು. ಆದರೆ ಅದೇ ಆಟಗಾರರು ಚೇಂಬರ್ಲಿನ್‌ಗೆ ನಾಲ್ಕು ಬಾರಿ ಈ ಪ್ರಶಸ್ತಿ ಕೊಟ್ಟಿದ್ದಾರೆ, ಅದರಲ್ಲಿ ಒಂದು ಅವರ ಮೊಟ್ಟಮೊದಲ ವರ್ಷದಲ್ಲೇ. ಹೊಟ್ಟೆಕಿಚ್ಚು ಇದ್ದಿದ್ದರೆ ಮೊದಲ ವರ್ಷವೇ ಕೊಡುತ್ತಿದ್ದರೇ?

ಕಾಪು ಕಡಲತೀರ
ಲೆಕ್ಕಿಗರು ಆ್ಯಡಮ್ಸ್ ಹೆಸರು ಎತ್ತಿದ್ದಕ್ಕೆ ನನ್ನ ಕಡೆಯಿಂದ ಧನ್ಯವಾದ, ಏಕೆಂದರೆ ಕಾಲೇಜು ತಂಡದಲ್ಲಿ ನಾನು ಮಾಡಿದ್ದು ಅದೊಂದೇ ಕೆಲಸ. ಅದು ಹೇಗಿರುತ್ತದೆಂದು ಅಂಕಪಟ್ಟಿ ಓದುವವರಿಗೆ ತಿಳಿಯದು. ಎದುರಾಳಿ ತಂಡದವಳು ಚೆಂಡು ಎಸೆದ ಕ್ಷಣದಲ್ಲಿ ಎಲ್ಲರ ಕಣ್ಣೂ ರಿಂಗಿನ ಮೇಲೆ. ನಾನು ಮಾತ್ರ ರಿಂಗಿಗೆ ಬೆನ್ನು ಹಾಕಿ, ನನ್ನ ಎದುರಾಳಿ ಎಲ್ಲಿದ್ದಾಳೆಂದು ನೋಡಿ, ಎರಡು ಹೆಜ್ಜೆ ಅವಳೆಡೆಗೆ ಹೋಗಿ ಆಮೇಲೆ ತಿರುಗಿ ಸೊಂಟ ಕೊಟ್ಟು ನಿಲ್ಲಬೇಕು, ಇದಕ್ಕೇ ಬಾಕ್ಸ್ ಔಟ್ ಎನ್ನುವುದು. ಅವಳ ಮೊಣಕೈ ನನ್ನ ಬೆನ್ನುಹುರಿಯ ಮೇಲೆ, ನನ್ನ ಬೂಟಿನ ಹಿಮ್ಮಡಿ ಅವಳ ಬೆರಳಿನ ಮೇಲೆ. ಚೆಂಡು ಬಿದ್ದ ಸದ್ದು ಕೇಳಿಸುತ್ತದೆ, ನೋಡಲು ಸಿಗುವುದಿಲ್ಲ. ರಿಬೌಂಡ್ ಚೆಂಡು ನಡೆಸುವ ನಮ್ಮ ಪಾಯಿಂಟ್ ಗಾರ್ಡಿನ ಹೆಸರಿಗೆ ಬೀಳುತ್ತದೆ.

ಒಂದು ಪಂದ್ಯದ ನಂತರ ಅಂಕ ಬರೆಯುವ ಮೇಜಿನ ಬಳಿ ಹೋಗಿ ಹಾಳೆ ನೋಡಿದೆ. ನನ್ನ ಸಾಲಿನಲ್ಲಿದ್ದದ್ದು ನಾಲ್ಕು ಫೌಲ್ ಗುರುತು ಮತ್ತು ಒಂದು ಫ್ರೀ ಥ್ರೋ. ಪಂದ್ಯ ಗೆದ್ದಿದ್ದೆವು, ಮರುದಿನ ಮೊಣಕಾಲು ಮಡಚಲು ಆಗಿರಲಿಲ್ಲ.

ಪಂಪ್‌ವೆಲ್ ಪಯಣಿಗ
ಅಕ್ಕ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೊದಲ ಮಾತು ಅರ್ಧ ಹಿಂದಕ್ಕೆ ತೆಗೆದುಕೊಂಡೆ.

ಚೆಂಡೆ ಪೆಟ್ಟು
ನಾನು ಇದನ್ನು ಯಕ್ಷಗಾನದ ಕಣ್ಣಿನಿಂದ ನೋಡುತ್ತೇನೆ. ಪ್ರೇಕ್ಷಕ ಮನೆಗೆ ಹೋಗಿ ಹೇಳುವುದು ಕಿರೀಟ ಹೊತ್ತು ಕುಣಿದವನ ಬಗ್ಗೆ. ಆದರೆ ಪದ್ಯ ಎತ್ತುವುದು, ತಾಳ ಏರಿಸುವುದು, ಇಳಿಸುವುದು, ಯಾವ ವೇಷಕ್ಕೆ ಎಷ್ಟು ಹೊತ್ತು ಎಂದು ಅಳೆದು ಬಿಡುವುದು ಭಾಗವತ. ಸ್ಟೀವ್ ನ್ಯಾಶ್‌ಗೆ 2005ರಲ್ಲಿ ಎಂವಿಪಿ ಸಿಕ್ಕಿದ್ದು ಇದೇ ಅರ್ಥದಲ್ಲಿ ಸರಿ. ಅವನು ಬರುವ ಮೊದಲಿನ ವರ್ಷ ಫೀನಿಕ್ಸ್ ಗೆದ್ದದ್ದು 29 ಪಂದ್ಯ, ಬಂದ ವರ್ಷ 62. ಅವನ ಸರಾಸರಿ ಬರೀ 15.5 ಅಂಕ, ಆದರೆ 11.5 ಅಸಿಸ್ಟ್. ಪಕ್ಕದಲ್ಲಿ ಓಡಿದವರೆಲ್ಲ ತಮ್ಮ ಯೋಗ್ಯತೆಗಿಂತ ಒಂದು ಮೆಟ್ಟಿಲು ಮೇಲೆ ಕಂಡರು.

ಸುರತ್ಕಲ್ 3 ಪಾಯಿಂಟ್
2005 ಒಪ್ಪುತ್ತೇನೆ. ಆದರೆ 2006ರಲ್ಲಿ ಮತ್ತೆ ನ್ಯಾಶ್‌ಗೇ ಕೊಟ್ಟದ್ದನ್ನು ಈಗಲೂ ಒಪ್ಪಲಾರೆ. ಆ ವರ್ಷ ಕೋಬಿ ಬ್ರಯಂಟ್ ಸರಾಸರಿ 35.4 ಅಂಕ ಗಳಿಸಿದ, ಮತದಲ್ಲಿ ನಾಲ್ಕನೆಯವನಾದ. ಇಡೀ ವೃತ್ತಿಜೀವನದಲ್ಲಿ ಅವನಿಗೆ ಸಿಕ್ಕಿದ ಎಂವಿಪಿ ಒಂದೇ ಒಂದು, 2008ರಲ್ಲಿ. ಭಾಗವತರ ಮೇಲೆ ನನಗೆ ಗೌರವವಿದೆ, ಆದರೆ ರಂಗಸ್ಥಳದಲ್ಲಿ ಒಬ್ಬನೇ ರಾತ್ರಿಯಿಡೀ ಕುಣಿದು ಆಟ ಉಳಿಸಿದವನನ್ನು ನಾಲ್ಕನೆಯ ಸಾಲಿನಲ್ಲಿ ಕೂರಿಸುವುದು ಯಾವ ನ್ಯಾಯ?

ಚೆಂಡೆ ಪೆಟ್ಟು
2006ರಲ್ಲಿ ಫೀನಿಕ್ಸಿನ ಮುಖ್ಯ ವೇಷಧಾರಿ ಸ್ಟೌಡಮೈರ್ ಗಾಯಗೊಂಡು ಋತುವಿನ ಬಹುಭಾಗ ಹೊರಗಿದ್ದ, ಜೋ ಜಾನ್ಸನ್ ಬೇರೆ ತಂಡಕ್ಕೆ ಹೋಗಿದ್ದ. ಆದರೂ 54 ಗೆಲುವು. ವೇಷ ಬದಲಾದರೂ ಮೇಳ ನಡೆಯಿತು ಎಂದರೆ ನಡೆಸಿದವನು ಯಾರು, ನೀವೇ ಹೇಳಿ.

ಐಕಳದ ಕೋಣ
ಕಂಬಳದಲ್ಲಿ ಪವನು ಚಿನ್ನ ಕೋಣಗಳ ಯಜಮಾನರಿಗೆ ಹೋಗುತ್ತದೆ. ಆ ಲೆಕ್ಕದಲ್ಲಿ ಎಂವಿಪಿಯನ್ನು ತಂಡದ ಮಾಲೀಕರಿಗೇ ಕೊಟ್ಟುಬಿಟ್ಟರೆ ಜಗಳವೇ ಇಲ್ಲ.

ಕಾಪು ಕಡಲತೀರ
ಓಡಿಸುವವರಿಗೂ ಬಹುಮಾನವಿದೆ, ತಿಳಿದು ಬರೆಯಿರಿ. ಏನೂ ಸಿಗದಿರುವುದು ನಮ್ಮಂತೆ ಸೊಂಟ ಕೊಟ್ಟು ನಿಲ್ಲುವವರಿಗೆ ಮಾತ್ರ.

ಕುಂದಾಪುರ ಕ್ರಿಕೆಟಿಗ
ನಾನು ಬ್ಯಾಸ್ಕೆಟ್‌ಬಾಲ್ ಅಷ್ಟಾಗಿ ನೋಡುವವನಲ್ಲ. 2003ರ ವಿಶ್ವಕಪ್‌ನಲ್ಲಿ ಭಾರತ ಫೈನಲ್ ಸೋತರೂ ಸರಣಿ ಶ್ರೇಷ್ಠ ಸಚಿನ್. 2023ರಲ್ಲಿ ಅದೇ ಕತೆ, ಕೊಹ್ಲಿ. ಆದ್ದರಿಂದ ಸೋತವನಿಗೆ ಕೊಡುವುದು ತಪ್ಪೇನಲ್ಲ. ಎನ್‌ಬಿಎಯಲ್ಲಿ ಫೈನಲ್ ನೋಡಿದ ಮೇಲೂ ಸೋತವನಿಗೆ ಕೊಟ್ಟ ಉದಾಹರಣೆ ಇದೆಯೇ?

ಬ್ರಹ್ಮಾವರದ ಲೆಕ್ಕಿಗ
ಒಂದು ತಿದ್ದುಪಡಿ. ನಾವು ಮಾತಾಡುತ್ತಿರುವ ಎಂವಿಪಿಗೆ ಮತದಾನ ಮುಗಿಯುವುದು ಪ್ಲೇಆಫ್ ಶುರುವಾಗುವ ಮೊದಲೇ. ಪರಿಗಣಿಸುವುದು 82 ಪಂದ್ಯಗಳ ಲೀಗ್ ಹಂತವನ್ನು ಮಾತ್ರ. ಅದಕ್ಕಾಗಿಯೇ 2016ರಲ್ಲಿ ಸ್ಟೆಫನ್ ಕರಿ 131ರಲ್ಲಿ 131 ಮೊದಲ ಮತ ಪಡೆದು ಇತಿಹಾಸದಲ್ಲೇ ಮೊದಲ ಅವಿರೋಧ ಎಂವಿಪಿಯಾದ, ಆಮೇಲೆ ಫೈನಲ್ಸ್‌ನಲ್ಲಿ 3–1 ಮುಂದಿದ್ದ ಅವನ ತಂಡವೇ ಸೋತಿತು. ಫೈನಲ್ಸ್‌ಗೆ ಬೇರೆಯೇ ಎಂವಿಪಿ ಉಂಟು, 1969ರಿಂದ ಕೊಡುತ್ತಿದ್ದಾರೆ. ನೀವು ಕೇಳಿದ ಉದಾಹರಣೆ ಆ ಮೊದಲ ವರ್ಷದ್ದೇ: ಸೋತ ಲೇಕರ್ಸ್‌ನ ಜೆರಿ ವೆಸ್ಟ್. ಅದಾದ ಮೇಲೆ ಸೋತ ತಂಡದವರಿಗೆ ಅದು ಸಿಕ್ಕಿಲ್ಲ.

ಕುಂದಾಪುರ ಕ್ರಿಕೆಟಿಗ
ತಿಳಿಯಿತು. ನಮ್ಮಲ್ಲಿ ಎರಡನ್ನೂ ಒಂದೇ ಕಪ್ಪಿನಲ್ಲಿ ತುಂಬಲು ನೋಡುತ್ತಿದ್ದಾರೆ, ಅದೇ ತೊಂದರೆ.

ಕಾರ್ಕಳದ ಕನ್ನಡ ಮೇಡಂ
ತೊಂದರೆಯ ಮೂಲ ಪದದಲ್ಲೇ ಇದೆ ಎಂದು ನನಗೆ ತೋರುತ್ತದೆ. ಮೊದಲ ಬರಹದಲ್ಲೇ ‘ಶ್ರೇಷ್ಠ’ ಎಂದು ಒಮ್ಮೆ, ‘ಅಮೂಲ್ಯ’ ಎಂದು ಒಮ್ಮೆ ಬಂದಿದೆ. ಶ್ರೇಷ್ಠನನ್ನು ಹುಡುಕುವುದೆಂದರೆ ಎಲ್ಲರನ್ನೂ ಪಕ್ಕಪಕ್ಕ ನಿಲ್ಲಿಸಿ ಎತ್ತರ ನೋಡುವುದು. ಅಮೂಲ್ಯನನ್ನು ಹುಡುಕುವುದೆಂದರೆ ಅವನನ್ನು ಆಚೆ ತೆಗೆದು ಉಳಿದದ್ದು ಏನೆಂದು ನೋಡುವುದು. ಒಳ್ಳೆಯ ತಂಡದ ಶ್ರೇಷ್ಠನನ್ನು ತೆಗೆದರೂ ತಂಡ ನಿಲ್ಲಬಹುದು, ಹಾಗಾಗಿ ಶ್ರೇಷ್ಠನೇ ಅಮೂಲ್ಯನಾಗಬೇಕೆಂದಿಲ್ಲ. ನಮ್ಮ ಕಡೆಯ ಕಬಡ್ಡಿ ಪಂದ್ಯಾಟಗಳಲ್ಲಿ ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಬೇರೆ ಬೇರೆ ಬಹುಮಾನ ಇಟ್ಟವರು ಎಷ್ಟು ಜಾಣರು ನೋಡಿ! ಹಿಡಿದವನನ್ನೂ ದಾಳಿ ಮಾಡಿದವನನ್ನೂ ಒಂದೇ ತಕ್ಕಡಿಗೆ ಹಾಕುವ ಪ್ರಮೇಯವೇ ಬರುವುದಿಲ್ಲ.

ಬ್ರಹ್ಮಾವರದ ಲೆಕ್ಕಿಗ
ಮೇಡಂ, ಎನ್‌ಬಿಎಯಲ್ಲೂ ಉತ್ತಮ ರಕ್ಷಣಾ ಆಟಗಾರನಿಗೆ ಪ್ರತ್ಯೇಕ ಪ್ರಶಸ್ತಿ ಇದೆ. ಅದೂ ಎಂವಿಪಿಯೂ ಒಂದೇ ಋತುವಿನಲ್ಲಿ ಸಿಕ್ಕಿರುವುದು ಜೋರ್ಡನ್ (1988), ಒಲಾಜುವಾನ್ (1994), ಯಾನಿಸ್ (2020) ಮೂವರಿಗೆ. ನಿಮ್ಮ ‘ಆಚೆ ತೆಗೆದು ನೋಡುವ’ ವಿಧಾನಕ್ಕೆ ಒಳ್ಳೆಯ ಉದಾಹರಣೆ 2022ರ ಎಂವಿಪಿ, ಡೆನ್ವರ್ ತಂಡದ ಯೊಕಿಚ್. ಜಮಾಲ್ ಮರ್ರಿ ಇಡೀ ವರ್ಷ ಇಲ್ಲ, ಪೋರ್ಟರ್ ಹೆಚ್ಚುಕಡಿಮೆ ಇಲ್ಲ. ಆದರೂ ಡೆನ್ವರ್ 48 ಪಂದ್ಯ ಗೆದ್ದಿತು. ಒಂದೇ ಋತುವಿನಲ್ಲಿ 2000 ಅಂಕ, 1000 ರಿಬೌಂಡ್, 500 ಅಸಿಸ್ಟ್ ಮೂರನ್ನೂ ದಾಟಿದ ಮೊದಲಿಗ ಅವನು.

ಮಣಿಪಾಲದ ಮುಂಜಾವು
ಲೆಕ್ಕಿಗರೇ, ಡೆನ್ವರ್ ಆ ವರ್ಷ ಪಶ್ಚಿಮ ವಿಭಾಗದಲ್ಲಿ ಆರನೆಯ ಸ್ಥಾನದಲ್ಲಿತ್ತು. 2017ರ ಒಕ್ಲಹೋಮ ಕೂಡ ಆರನೆಯದೇ. ಯೊಕಿಚ್‌ಗೆ ಸಲ್ಲುವ ವಾದ ವೆಸ್ಟ್‌ಬ್ರೂಕ್‌ಗೆ ಏಕೆ ಸಲ್ಲುವುದಿಲ್ಲ?

ಬ್ರಹ್ಮಾವರದ ಲೆಕ್ಕಿಗ
ಸಿಕ್ಕಿಬಿದ್ದೆ. ಆದರೂ ಯೊಕಿಚ್ ಎಸೆದ ಚೆಂಡು ಹೆಚ್ಚು ಬಾರಿ ಬುಟ್ಟಿಗೆ ಬಿತ್ತು, ವೆಸ್ಟ್‌ಬ್ರೂಕ್ ಎಸೆದದ್ದು ಹೆಚ್ಚು ಬಾರಿ ರಿಂಗಿಗೆ ಬಡಿಯಿತು. ಅಷ್ಟು ಹೇಳಿ ಸುಮ್ಮನಾಗುತ್ತೇನೆ.

ಸುರತ್ಕಲ್ 3 ಪಾಯಿಂಟ್
ಇನ್ನೊಂದು ಕಾರಣವನ್ನು ಯಾರೂ ಎತ್ತಲಿಲ್ಲ: ಮತದಾರರ ಬೇಸರ. 1997ರಲ್ಲಿ ಜೋರ್ಡನ್ನನ ಷಿಕಾಗೊ 69 ಪಂದ್ಯ ಗೆದ್ದಿತು, ಕಾರ್ಲ್ ಮಲೋನನ ಯೂಟಾ 64. ಮತದ ಅಂಕ ಮಾತ್ರ ಕಾರ್ಲ್ ಮಲೋನ್‌ಗೆ 986, ಜೋರ್ಡನ್‌ಗೆ 957. ಆಮೇಲೆ ಫೈನಲ್ಸ್‌ನಲ್ಲಿ ಅವರಿಬ್ಬರೇ ಎದುರುಬದುರಾದರು, ಗೆದ್ದವನು ಜೋರ್ಡನ್. ದಿನವೂ ನೀರುದೋಸೆ ತಿಂದವನಿಗೆ ಒಂದು ದಿನ ಬೇರೆ ಏನಾದರೂ ಇರಲಿ ಅನ್ನಿಸುತ್ತದೆ, ದೋಸೆಯ ತಪ್ಪಲ್ಲ. ಸತತ ಮೂರು ವರ್ಷ ಎಂವಿಪಿ ಪಡೆದವರು ರಸೆಲ್, ಚೇಂಬರ್ಲಿನ್, ಬರ್ಡ್ ಮೂವರೇ. 2023ರಲ್ಲಿ ಯೊಕಿಚ್ ಆ ಸಾಲಿಗೆ ಸೇರಬಹುದಿತ್ತು. ಮತ ಎಂಬಿಡ್ ಕಡೆಗೆ ವಾಲಿತು.

ನಿವೃತ್ತ ಪಿ.ಟಿ. ಮಾಸ್ಟ್ರು
ಎಂಬಿಡ್ ಹೆಸರು ಬಂದಿದ್ದರಿಂದ ಹೇಳುತ್ತೇನೆ. ಆಟಗಾರನ ಮೊದಲ ಯೋಗ್ಯತೆ ಮೈದಾನಕ್ಕೆ ಬರುವುದು. 2023–24ರಿಂದ ಎನ್‌ಬಿಎ ನಿಯಮವನ್ನೇ ಮಾಡಿದೆ: 65 ಪಂದ್ಯ ಆಡದವನ ಹೆಸರು ಮತಪತ್ರಕ್ಕೆ ಬರುವಂತಿಲ್ಲ. ಆ ವರ್ಷವೇ ಎಂಬಿಡ್ ಅಮೋಘವಾಗಿ ಆಡುತ್ತಿದ್ದಾಗ ಮೊಣಕಾಲಿಗೆ ಪೆಟ್ಟಾಗಿ 39 ಪಂದ್ಯಕ್ಕೇ ನಿಲ್ಲಬೇಕಾಯಿತು. ತಂಡದ ಪಾಲಿಗೆ ಉಳಿದ 43 ಪಂದ್ಯಗಳಲ್ಲಿ ಅವನ ಮೌಲ್ಯ ಸೊನ್ನೆಯೇ ತಾನೆ?

ಚೆಂಡೆ ಪೆಟ್ಟು
ಮಾಸ್ಟ್ರೇ, 1978ರಲ್ಲಿ ಬಿಲ್ ವಾಲ್ಟನ್ ಆಡಿದ್ದು 58 ಪಂದ್ಯ. ಎಂವಿಪಿ ಅವರಿಗೇ. ಅವರು ಗಾಯಗೊಳ್ಳುವವರೆಗೆ ಪೋರ್ಟ್‌ಲೆಂಡ್ ಆಡಿದ 60ರಲ್ಲಿ 50 ಗೆದ್ದಿತ್ತು. ಮತ ಹಾಕಿದ್ದು ನೀವು ಮೆಚ್ಚಿದ ಆಟಗಾರರೇ.

ನಿವೃತ್ತ ಪಿ.ಟಿ. ಮಾಸ್ಟ್ರು
ಅದು ಗೊತ್ತಿದ್ದೇ ಸುಮ್ಮನಿದ್ದೆ; ನೀವು ಬಿಡಲಿಲ್ಲ.

ಉರ್ವದ ಹಳೇ ಗಾರ್ಡ್
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮೂವರೂ ಕುಳಿತು, ಜಗಳ ಬಿಟ್ಟು ಎನ್‌ಬಿಎ ಪದ್ಧತಿಯಂತೆಯೇ ಹಳೆಯ ಅಂಕಪಟ್ಟಿಗಳ ಹಿಂಬದಿಯಲ್ಲಿ ಐದೈದು ಹೆಸರು ಬರೆದೆವು. ಒಬ್ಬರನ್ನೊಬ್ಬರು ನೋಡಬಾರದೆಂದು ಅಂಗೈ ಅಡ್ಡ ಇಟ್ಟುಕೊಂಡಿದ್ದೆವು, ಪರೀಕ್ಷೆಯ ಮಕ್ಕಳಂತೆ. ಬಿಚ್ಚಿ ಕೂಡಿದಾಗ 31 ಅಂಕದ ಹುಡುಗನಿಗೆ 18, ಗೆದ್ದ ತಂಡದ ನಾಯಕನಿಗೂ 18. ನಾವು ಯಾರ ಪರವಾಗಿಯೂ ಒಂದು ಮಾತನ್ನೂ ಆಡದಿದ್ದ ಮೂರನೆಯ ಹುಡುಗನಿಗೆ 21. ಮೂವರೂ ಅವನನ್ನು ಎರಡನೆಯ ಸ್ಥಾನದಲ್ಲಿ ಬರೆದಿದ್ದೆವು.

ಬ್ರಹ್ಮಾವರದ ಲೆಕ್ಕಿಗ
ಒಂದೂ ಮೊದಲ ಮತವಿಲ್ಲದೆ ಗೆದ್ದನೇ! ಇದು ಈ ಪದ್ಧತಿಯ ದೋಷ ಎನ್ನುವವರೂ ಇದ್ದಾರೆ. 1990ರಲ್ಲಿ ಬಾರ್ಕ್ಲಿಗೆ 38 ಮೊದಲ ಮತ, ಮ್ಯಾಜಿಕ್ ಜಾನ್ಸನ್‌ಗೆ 27. ಆದರೆ ಒಟ್ಟು ಅಂಕದಲ್ಲಿ ಮ್ಯಾಜಿಕ್ ಮುಂದೆ, ಪ್ರಶಸ್ತಿಯೂ ಅವನಿಗೆ.

ಕಾಪು ಕಡಲತೀರ
ಆ ಹುಡುಗ ಎಷ್ಟು ಅಂಕ ಹಾಕಿದ್ದ?

ಉರ್ವದ ಹಳೇ ಗಾರ್ಡ್
ಮೂರು ಪಂದ್ಯ ಸೇರಿ ಹನ್ನೊಂದು. ಬಾಕ್ಸ್ ಔಟ್ ಎಷ್ಟು ಮಾಡಿದ್ದನೆಂದು ಕೇಳಬೇಡಿ, ಹಾಳೆಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಕಾರ್ಕಳದ ಕನ್ನಡ ಮೇಡಂ
ಫಲಕದ ಮೇಲೆ ಏನೆಂದು ಬರೆಸುತ್ತಿದ್ದೀರಿ?

ಉರ್ವದ ಹಳೇ ಗಾರ್ಡ್
‘ಪಂದ್ಯಾಟದ ಶ್ರೇಷ್ಠ ಆಟಗಾರ’ ಎಂದು ಕಳೆದ ವಾರವೇ ಬರೆದುಕೊಟ್ಟಾಗಿದೆ ಮೇಡಂ. ಕೆತ್ತುವ ಅಂಗಡಿಯವರು ಇನ್ನೂ ಕೈ ಹಚ್ಚಿರಲಿಕ್ಕಿಲ್ಲ, ಈಗಲೇ ಫೋನ್ ಮಾಡುತ್ತೇನೆ.